ಕನ್ನಡಿ ಅಲಮಾರಿ ಮತ್ತು ಔರಾದಿನ ಬಾಗಿಲು

ಇಬ್ಬರು ಗಂಡಸರು ಒಂದು ಅಲಮಾರಿಯನ್ನು ಹೊತ್ತು ಔರಾದಿನ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದದ್ದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದು ನಲವತ್ತು ವರ್ಷ ನಂಬಿದ್ದೆ ಎನ್ನುವುದು ಹೆಚ್ಚು ಸರಿ. ಮುಂದಿದ್ದವನ ತಲೆಗೆ ಕೆಂಪು ವಸ್ತ್ರ ಸುತ್ತಿತ್ತು. ಅಪ್ಪ ಹೊಸ್ತಿಲ ಪಕ್ಕ ನಿಂತು ಸಾವಕಾಶ, ಸಾವಕಾಶ ಎನ್ನುತ್ತಿದ್ದ. ನಾನು ಕದ ಹಿಡಿದುಕೊಂಡಿದ್ದೆ. ಆಗ ನನಗೆ ಒಂಬತ್ತು ವರ್ಷ. ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ನನಗೆ ಅದರ ಮೇಲೆ ಅನುಮಾನ ಬರಬೇಕಿತ್ತು. ಕಲಬುರಗಿಯಲ್ಲಿ ಇತಿಹಾಸ ಎಂ.ಎ. ಓದುವಾಗ ಕಲಿತದ್ದೇ ಅದು: ಸಾಕ್ಷಿ ತೀರಾ ಚೊಕ್ಕಟವಾಗಿದ್ದರೆ ಇನ್ನೊಮ್ಮೆ ತಿರುಗಿ ನೋಡಬೇಕು. ಊರವರ ನೆನಪನ್ನೆಲ್ಲ ಹಾಗೆ ತಿರುಗಿ ನೋಡಿದವನು ನನ್ನದನ್ನು ಮಾತ್ರ ಹಾಗೇ ಬಿಟ್ಟಿದ್ದೆ.

ಅಲಮಾರಿಯ ವಿಷಯ ಎದ್ದದ್ದು ಹೋದ ವರ್ಷ, ನನ್ನ ಹೆಂಡತಿಯಿಂದ. ಬೀದರಿನ ನೌಬಾದದಲ್ಲಿ ನಮ್ಮ ಮನೆ. ನನಗೆ ಒಂದೆಡೆ ಸುಮ್ಮನೆ ಕೂರುವ ಸ್ವಭಾವವಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮಂಚ ಆ ಗೋಡೆಗೆ, ಪುಸ್ತಕದ ರ್‍ಯಾಕು ಈ ಗೋಡೆಗೆ ಎಂದು ಎಳೆದಾಡುತ್ತೇನೆ. ಎರಡು ದಿನ ಮನೆ ಬೇರೆಯದೇ ಅನ್ನಿಸುತ್ತದೆ, ಮೂರನೆಯ ದಿನ ಮತ್ತೆ ಅದೇ. ಹೊಸ ಸಾಮಾನು ಕೊಳ್ಳುವ ಮನಸ್ಸು ಇಬ್ಬರಿಗೂ ಇಲ್ಲ, ಇದ್ದದ್ದೆಲ್ಲ ಗಟ್ಟಿಯಾಗಿಯೇ ಇದೆ. ಒಂದು ದಿನ ಅವಳು ನನ್ನ ಎಳೆದಾಟ ನೋಡಿ ಹೇಳಿದಳು:

"ಇದ್ದ ನಾಕ್ ಸಾಮಾನ ಎಷ್ಟ್ ಸಲ ತಿರಗಸ್ತೀರಿ? ಭಾಲ್ಕಿದು ಇಲ್ಲಿಗಿ ತರ್ರಿ, ಇಲ್ಲಿದು ಔರಾದಿಗಿ ಕಳಸ್ರಿ. ಮೂರೂ ಮನಿ ಹೊಸಾವ ಆಗ್ತಾವ."

ನಾನು ನಕ್ಕೆ. ಆದರೆ ಆ ಮಾತು ಫೋನಿನಲ್ಲಿ ಭಾಲ್ಕಿಗೆ, ಔರಾದಿಗೆ ಹೋಗಿ, ವಾರದೊಳಗೆ ಯೋಜನೆಯೇ ಆಯಿತು. ಭಾಲ್ಕಿಯಲ್ಲಿ ನಮ್ಮ ಅಕ್ಕ ಇದ್ದಾಳೆ, ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಔರಾದಿನ ಹಳೆಯ ಮನೆಯಲ್ಲಿ ತಮ್ಮ ಮತ್ತು ಅವನ ಸಂಸಾರ. ನಮ್ಮ ಎರಡು ಬೆತ್ತದ ಕುರ್ಚಿ ಮತ್ತು ರ್‍ಯಾಕು ಔರಾದಿಗೆ, ಔರಾದಿನದೊಂದು ಸಾಮಾನು ಭಾಲ್ಕಿಗೆ, ಭಾಲ್ಕಿಯ ದುಂಡು ಮೇಜು ನಮಗೆ. ಒಂದು ಟೆಂಪೋ, ಒಂದು ದಿನದ ಸುತ್ತು.

ಔರಾದಿನಿಂದ ಏನು ಬೇಕು ಎಂದು ಕೇಳಿದಾಗ ಅಕ್ಕ ಒಂದೇ ಹೆಸರು ಹೇಳಿದಳು: ಕನ್ನಡಿ ಅಲಮಾರಿ.

ಅದು ಅವಳ ಮದುವೆಗೆಂದು ಅಪ್ಪ ಮಾಡಿಸಿದ್ದು. ಸಾಗವಾನಿ ಕಟ್ಟಿಗೆ, ಒಂದು ಕದಕ್ಕೆ ಉದ್ದನೆಯ ಕನ್ನಡಿ. ಕೌದಿ, ಹಾಸಿಗೆ ಎಲ್ಲ ಮಡಚಿ ಇಡಲು ಬರಲಿ ಎಂದು ಬೇರೆಯವರ ಅಲಮಾರಿಗಿಂತ ಬಹಳ ಆಳ. ಮದುವೆಯಾಗಿ ಅಕ್ಕ ಭಾಲ್ಕಿಗೆ ಹೋದಳು, ಅಲಮಾರಿ ಹೋಗಲಿಲ್ಲ. ಮುಂದಿನ ವಾರ ಕಳಿಸುತ್ತೇನೆ ಎಂದ ಅಪ್ಪ. ಆಮೇಲೆ ರಸ್ತೆ ಸರಿಯಿಲ್ಲ ಎಂದ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಕೊನೆಗೆ ಅದರೊಳಗೆ ಅವ್ವ ತನ್ನ ಸೀರೆಗಳನ್ನು ಇಟ್ಟುಕೊಂಡಳು. ಕೊಟ್ಟು ಕಸಿದುಕೊಂಡರು ಎಂದು ಅಕ್ಕ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಔರಾದಿಗೆ ಬಂದಾಗಲೆಲ್ಲ ಆ ಕನ್ನಡಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಇದು ನಮಗೆಲ್ಲ ಗೊತ್ತಿತ್ತು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೂ ಅವಳು ಕೂರುವ ರೀತಿ ಬದಲಾಗಲಿಲ್ಲ.

ಟೆಂಪೋದಲ್ಲಿ ಕುರ್ಚಿ, ರ್‍ಯಾಕು ಹೇರಿಕೊಂಡು ನಾನು ಔರಾದು ಮುಟ್ಟುವಷ್ಟರಲ್ಲಿ ಅಕ್ಕ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಅಲಮಾರಿ ಒರೆಸಲು ಮನೆಯಿಂದಲೇ ಹಳೆಯ ಮೆತ್ತನೆ ಅರಿವೆ ತಂದಿದ್ದಳು. ತಮ್ಮನ ಹೆಂಡತಿ ಅದನ್ನು ಬೆಳಿಗ್ಗೆಯೇ ಖಾಲಿ ಮಾಡಿ ಇಟ್ಟಿದ್ದಳು. ನಾನು, ತಮ್ಮ, ಟೆಂಪೋ ಚಾಲಕ ಮೂವರೂ ಸೇರಿ ಪಡಸಾಲೆಯಿಂದ ಎತ್ತಿ ಮುಂಬಾಗಿಲಿಗೆ ತಂದೆವು. ಅಲ್ಲಿ ಸಿಕ್ಕಿಕೊಂಡಿತು.

ನಿಲ್ಲಿಸಿ ನೋಡಿದೆವು, ಮಲಗಿಸಿ ನೋಡಿದೆವು, ಅಡ್ಡ ಮಾಡಿ ನೋಡಿದೆವು. ಬಾಗಿಲ ಕದ ಬಿಚ್ಚಿ ಪಕ್ಕಕ್ಕಿಟ್ಟೆವು. ಅಲಮಾರಿಯ ಆಳಕ್ಕೆ ಎರಡು ಬೆರಳಷ್ಟು ಜಾಗ ಸಾಲದು. ಹಿತ್ತಲ ಬಾಗಿಲು ಇನ್ನೂ ಸಣ್ಣದು. ಚಾಲಕ ನೌಬಾದದವನೇ, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ನನಗಿಂತ ಹಿರಿಯ. ಬೆವರು ಒರೆಸಿಕೊಂಡು ಅಲಮಾರಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ.

"ಸಾಬ್, ಮೊದಲ ಅಲಮಾರಿ ಇಟ್ಟು ಆಮ್ಯಾಲ ಮನಿ ಕಟ್ಯಾರ ನೋಡ್ರಿ ನಿಮ್ಮವರು."

ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ತಮ್ಮ ಮಾತ್ರ ಇದು ತಮಾಷೆಯಲ್ಲ, ಅಲಮಾರಿಯನ್ನು ಒಳಗೇ ಮಾಡಿದ್ದು ಎಂದ. ಬಡಿಗ ದಿನಾ ಮನೆಗೇ ಬರುತ್ತಿದ್ದ, ಪಡಸಾಲೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ, ಕಟ್ಟಿಗೆಯ ಹೊಟ್ಟಿನ ಗುಡ್ಡೆಯ ಮೇಲೆ ತಾನು ಕೂತು ಆಡುತ್ತಿದ್ದೆ ಎಂದ. ಆಗ ಅವನಿಗೆ ಐದು ವರ್ಷ. ಅಕ್ಕ ಆ ದಿನಗಳಲ್ಲಿ ಶಿಕ್ಷಕರ ತರಬೇತಿಗೆ ಬೀದರಿನ ಹಾಸ್ಟೆಲ್ಲಿನಲ್ಲಿದ್ದಳು. ರಜೆಗೆ ಬಂದಾಗ ಅಲಮಾರಿ ಗೋಡೆಗೆ ನಿಂತಿತ್ತಂತೆ, ಅಷ್ಟೇ ಅವಳಿಗೆ ಗೊತ್ತು.

ಅವಳು ನನ್ನ ಕಡೆ ತಿರುಗಿದಳು.

"ಅಂವಾ ಆಗ ಕೂಸು. ನೀ ದೊಡ್ಡಾಂವ ಇದ್ದಿ, ಓದಿದಾಂವ. ನೀ ಹೇಳು ತಮ್ಮಾ. ಇದು ಈ ಬಾಗಲದಾಗಿಂದ ಬಂತೋ ಇಲ್ಲೋ?"

ಒಳಗೇ ಮಾಡಿದ್ದು ಎಂದಿದ್ದರೆ ಅವಳ ನಲವತ್ತು ವರ್ಷದ ನೋವು ಅಲ್ಲೇ ಇಳಿಯುತ್ತಿತ್ತು. ಅಪ್ಪ ಕಳಿಸಲಿಲ್ಲ ಎಂದಲ್ಲ, ಕಳಿಸಲು ಆಗಲಿಲ್ಲ ಎಂದು ಆಗುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಕೆಂಪು ವಸ್ತ್ರ ಇತ್ತು. ಅಪ್ಪನ ದನಿಯೂ ಇತ್ತು. ಹೊತ್ತು ತಂದದ್ದು ನನಗೆ ನೆನಪಿದೆ, ಕದ ಹಿಡಿದವನು ನಾನೇ ಎಂದೆ. ಅದಕ್ಕೆ ವಿದ್ವಾಂಸನ ಹಾಗೆ ಕಾರಣವನ್ನೂ ಜೋಡಿಸಿದೆ: ಈಗಿರುವುದು ಮನೆ ದುರಸ್ತಿ ಮಾಡಿಸಿದಾಗ ತಮ್ಮ ಹಾಕಿಸಿದ ಕಬ್ಬಿಣದ ಬಾಗಿಲು. ಮೊದಲು ಇದ್ದದ್ದು ಬೇವಿನ ಚೌಕಟ್ಟಿನ ಜೋಡಿ ಕದ, ಅದು ಇದಕ್ಕಿಂತ ಅಗಲ ಇದ್ದಿರಬೇಕು.

"ಹಂಗಾರ ಬಂದದ್ದು ಹೋಗತಿತ್ತು," ಎಂದಳು ಅಕ್ಕ. ತಂದ ಅರಿವೆಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು.

ಅಲಮಾರಿಯನ್ನು ಬಿಚ್ಚುವ ಹಾಗೆಯೂ ಇರಲಿಲ್ಲ. ಬಡಿಗ ಮೊಳೆಯ ಬದಲು ಕಟ್ಟಿಗೆಯ ಗೂಟ ಹೊಡೆದಿದ್ದ, ಎಬ್ಬಿಸಿದರೆ ಹಲಗೆ ಸೀಳುತ್ತವೆ ಎಂದ ಚಾಲಕ. ಮತ್ತೆ ಗೋಡೆಗೆ ನಿಲ್ಲಿಸಿದೆವು. ಅಕ್ಕ ಬಸ್ಸಿನ ಹೊತ್ತು ಕೇಳತೊಡಗಿದಳು. ಆಗ ತಮ್ಮನ ಹೆಂಡತಿ ಸ್ಕ್ರೂಡ್ರೈವರ್ ತಂದು, ಯಾರನ್ನೂ ಕೇಳದೆ, ಕನ್ನಡಿ ಇದ್ದ ಕದದ ಬಿಜಾಗರಿ ಬಿಚ್ಚಲು ಕೂತಳು. ಬಿಡು ಬಿಡು ಎಂದು ಅಕ್ಕ ಎರಡು ಸಲ ಅಂದಳು. ಅವಳು ಕೇಳಲಿಲ್ಲ.

"ಅಕ್ಕಾರ, ಹೋಗೂವಷ್ಟಾರ ಹೋಗ್ಲಿರಿ. ನನಗ ದಿನಾ ಮಾರಿ ನೋಡ್ಲಿಕ್ಕ ಸಣ್ಣ ಕನ್ನಡಿ ಸಾಕು."

ಕದವನ್ನು ಹಳೆಯ ಕೌದಿಯಲ್ಲಿ ಸುತ್ತಿ ಟೆಂಪೋದಲ್ಲಿಟ್ಟೆವು. ಅಕ್ಕ ಬಸ್ಸಿಗೆ ಹೋಗದೆ ಮುಂದೆ ನಮ್ಮ ಜೊತೆ ಕೂತಳು. ಕನ್ನಡಿಯನ್ನು ಅವಳ ಮನೆಯ ಪಡಸಾಲೆಯಲ್ಲಿ ಕಿಟಕಿಯ ಎದುರು ಗೋಡೆಗೆ ನಿಲ್ಲಿಸಿದಾಗ ನಿಜಕ್ಕೂ ಆ ಕೋಣೆ ಬೇರೆಯಾಯಿತು. ದುಂಡು ಮೇಜು ಹೊರಗೆ ಹೋಗಿ ಜಾಗ ಬಿಟ್ಟುಕೊಂಡಿತ್ತು. ಹಗಲಿನಲ್ಲೂ ದೀಪ ಹಾಕುತ್ತಿದ್ದ ಮೂಲೆಯಲ್ಲಿ ಬೆಳಕು ಬಿದ್ದು, ಅಂಗಳದ ಬೇವಿನ ಗಿಡ ಗೋಡೆಯೊಳಗೆ ಬಂದ ಹಾಗೆ ಕಂಡಿತು. ಚೆನ್ನಾಗಿದೆ ಎಂದಳು ಅಕ್ಕ. ಚೆನ್ನಾಗಿಯೇ ಇತ್ತು. ಆದರೆ ಚಹಾ ಕೊಡುವಾಗ ಅವಳು ಅದಕ್ಕೆ ಬೆನ್ನು ಮಾಡಿ ಕೂತಳು.

ಔರಾದಿನಲ್ಲಿ ತಮ್ಮನ ಹೆಂಡತಿ ಅಲಮಾರಿಯ ತೆರೆದ ಬದಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಕೊಡ, ತಂಬಿಗೆಗಳನ್ನು ಸಾಲಾಗಿ ಜೋಡಿಸಿದಳು. ಫೋಟೋ ಕಳಿಸಿದಳು. ನಮ್ಮಲ್ಲಿ ದುಂಡು ಮೇಜು ಬಂದು ಊಟದ ಜಾಗ ಬದಲಾಯಿತು, ನನ್ನ ಎಳೆದಾಟವೂ ಕೆಲವು ದಿನ ನಿಂತಿತು. ಹೆಂಡತಿ ಹೇಳಿದಂತೆ ಮೂರೂ ಮನೆ ಹೊಸದಾಗಿದ್ದವು.

ನನಗೆ ಮಾತ್ರ ಆ ಮೇಜಿಗೆ ಕೂತಾಗಲೆಲ್ಲ ಕೆಂಪು ವಸ್ತ್ರ ನೆನಪಾಗುತ್ತಿತ್ತು. ಹೊತ್ತವರ ಕೈ ನೆನಪಿದೆ, ಹೊತ್ತದ್ದರಲ್ಲಿ ಕನ್ನಡಿ ಇತ್ತೇ? ಎಷ್ಟು ಪ್ರಯತ್ನಿಸಿದರೂ ಕನ್ನಡಿ ಕಾಣಲಿಲ್ಲ. ಕಂಡದ್ದು ಉದ್ದನೆಯ, ಚಪ್ಪಟೆಯಾದ ಏನೋ. ಹಲಗೆಗಳೇ ಇರಬಹುದು. ಅಂದು ತಂದ ಹಲಗೆಗಳ ಮೇಲೆ ಆಮೇಲೆ ದಿನಾ ನೋಡಿದ ಅಲಮಾರಿಯನ್ನು ನಾನೇ ಕೂಡಿಸಿಕೊಂಡಿರಬಹುದು. ಹಾಗಾದರೆ ಅಪ್ಪ ಯಾಕೆ ಹೇಳಲಿಲ್ಲ ಎಂಬುದಕ್ಕೂ ಒಂದು ಉತ್ತರ ಸಿಗುತ್ತದೆ. ಅಪ್ಪ ಸರ್ವೇಯರ್ ಆಗಿದ್ದ. ಹೊಲದ ಬದುವಿಗಾಗಿ ಜಗಳಾಡುವವರನ್ನು ಸರಪಳಿ ಹಿಡಿದು ಸುಮ್ಮನಿರಿಸುತ್ತಿದ್ದ ಮನುಷ್ಯ. ತನ್ನ ಮನೆಯ ಬಾಗಿಲನ್ನು ಅಳೆಯದೆ ಅಲಮಾರಿ ಮಾಡಿಸಿದೆ ಎಂದು ಬೀಗರ ಮುಂದೆ, ಔರಾದಿನ ಜನರ ಮುಂದೆ ಅವನು ಹೇಳಲಾರ. ರಸ್ತೆ ಸರಿಯಿಲ್ಲ ಎನ್ನಬಲ್ಲ. ಆದರೆ ಇದೂ ನಾನು ಜೋಡಿಸಿದ ಕಾರಣವೇ. ಹಿಂದೊಮ್ಮೆ ಜೋಡಿಸಿ ಅಕ್ಕನಿಗೆ ನೋವು ಮಾಡಿದ್ದೆ.

ತಮ್ಮನಿಗೆ ಫೋನ್ ಮಾಡಿ ಹಳೆಯ ಚೌಕಟ್ಟು ಏನಾಯಿತು ಎಂದು ಕೇಳಿದೆ. ಹೊಲದಲ್ಲಿದೆ, ಮೇವಿನ ಕೋಣೆಗೆ ಹಚ್ಚಿದ್ದೇನೆ ಎಂದ. ಮುಂದಿನ ಭಾನುವಾರ ಔರಾದಿಗೆ ಹೋದೆ. ಮೊದಲು ಮನೆಯಲ್ಲಿ ಅಲಮಾರಿಯ ಆಳ ಅಳೆದೆ: ಮೂವತ್ತೊಂದು ಇಂಚು. ಆಮೇಲೆ ಹೊಲಕ್ಕೆ ಹೋಗಿ ಚೌಕಟ್ಟು ಅಳೆದು, ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಇನ್ನೊಮ್ಮಿ ಅಳಿ," ಎಂದಳು.

ಟೇಪು ತಮ್ಮನ ಕೈಗೆ ಕೊಟ್ಟು ಅಳೆಸಿದೆ. ಚೌಕಟ್ಟಿನ ಒಳಗಿನ ಅಗಲ, ಮೇಲೂ ಕೆಳಗೂ, ಇಪ್ಪತ್ತೇಳು ಇಂಚು.