ಗಿರಣಿ ಕೊಟ್ರೇಶನ ತೀರ್ಪು

ಶ್ರೀರಾಂಪುರದಲ್ಲಿ ಯಾವ ಸಿನಿಮಾ ನೋಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವನು ಹಿಟ್ಟಿನ ಗಿರಣಿಯ ಕೊಟ್ರೇಶ್. ಭಾನುವಾರ ಹೊಸದುರ್ಗಕ್ಕೆ ಹೋಗಿ ಹೊಸ ಚಿತ್ರ ನೋಡಿ ಬಂದನೆಂದರೆ, ಸೋಮವಾರ ರಾಗಿ ಬೀಸಿಸಲು ಬಂದವರಿಗೆಲ್ಲ ಹಿಟ್ಟಿನ ಜೊತೆ ತೀರ್ಪೂ ಸಿಗುತ್ತಿತ್ತು. ಮೂವತ್ತು ವರ್ಷದಿಂದ ಇದು ನಡೆದುಬಂದಿದೆ. ಕಥೆಗಿಂತ ಅವನಿಗೆ ಮಾತು ಮುಖ್ಯ. ಒಳ್ಳೆಯ ಸಂಭಾಷಣೆಯೊಂದು ಸಿಕ್ಕರೆ ಸಾಕು, ಗಿರಣಿಯ ಸದ್ದನ್ನೂ ಮೀರಿಸಿ ನಟನ ಧಾಟಿಯಲ್ಲೇ ಒಪ್ಪಿಸುತ್ತಿದ್ದ. ಹಿಟ್ಟು ತುಂಬಿಸಿಕೊಂಡವರೂ ಮನೆಗೆ ಹೋಗದೆ ನಿಂತು ಕೇಳುತ್ತಿದ್ದರು.

ಈ ಎರಡು ವರ್ಷದಿಂದ ಮಾತ್ರ ಅವನಿಗೆ ಯಾವ ಸಿನಿಮಾವೂ ಹಿಡಿಸುತ್ತಿಲ್ಲ. ಜೈಲಿನ ಕಥೆಯ ಚಿತ್ರ ಬಂದಾಗ, ನಾಯಕ ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡುತ್ತಾನೆ ಎಂದ. ಕೋರ್ಟಿನ ಕಥೆಯದು ಬಂತು. ಲಾಯರು ವಾದ ಮಾಡುತ್ತಾನೋ ಗುಟ್ಟು ಹೇಳುತ್ತಾನೋ ತಿಳಿಯದು ಎಂದ. ಕಾಡಿನ ಚಿತ್ರವೊಂದನ್ನು ಮಾತ್ರ ಬಾಯ್ತುಂಬ ಹೊಗಳಿದ. ಅದರ ತುಂಬ ಬರೀ ತಮಟೆ. ಅವನನ್ನು ನಂಬಿ ಹೋದ ಪಕ್ಕದ ಬೀದಿಯ ತಿಪ್ಪಯ್ಯ ತಲೆನೋವು ಹೊತ್ತು ಬಂದ.

"ಕೊಟ್ರೇಶಣ್ಣ, ಕೋರ್ಟಿಂದೂ ನೋಡ್ದೆ. ಮಾತು ಭಾರಿ ಚೆನ್ನಾಗವೆ," ಎಂದು ತಿಪ್ಪಯ್ಯ ಒಮ್ಮೆ ಕಿವಿಯ ಹತ್ತಿರವೇ ಬಂದು ಹೇಳಿ ನೋಡಿದ.

"ನಿಂಗೇನ್ ಗೊತ್ತಾಗುತ್ತಲೇ. ಮೊದ್ಲು ಮಾತಾಡಿದ್ರೆ ಬಾಲ್ಕನಿ ಕೊನೇ ಸೀಟಿಗೂ ಕೇಳ್ತಿತ್ತು. ಈಗಿನೋರಿಗೆ ಬಾಯಿ ಬಿಚ್ಚಕ್ಕೂ ಸೋಮಾರಿತನ."

ಮೂವತ್ತು ವರ್ಷ ಗಿರಣಿಯ ಪಕ್ಕ ನಿಂತ ಕಿವಿ ಏನಾಗಿದೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು, ಅವನೊಬ್ಬನನ್ನು ಬಿಟ್ಟು. ಚಿತ್ರದುರ್ಗದ ಡಾಕ್ಟರಿಗೆ ಒಂದು ಸಲ ತೋರಿಸಾಣ ಎಂದ ಹೆಂಡತಿ ಶಿವಗಂಗಮ್ಮನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ಆಮೇಲೆ ಅವಳು ಆ ಸುದ್ದಿ ಎತ್ತಲಿಲ್ಲ.

ಕಳೆದ ಭಾನುವಾರ ಮ್ಯಾಟಿನಿಗೆ ಅವಳನ್ನೂ ಕರೆದುಕೊಂಡು ಹೋದ. ಇಪ್ಪತ್ತು ವರ್ಷ ಮುಖ ನೋಡದ ಅಕ್ಕ ತಮ್ಮನ ಕಥೆ. ಕೊನೆಗೆ ಹಾಸಿಗೆ ಹಿಡಿದ ಅಕ್ಕ ತಮ್ಮನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡಳು. ತುಟಿ ಅಲ್ಲಾಡಿತು. ಕೊಟ್ರೇಶ್ ಮುಂದಕ್ಕೆ ಬಾಗಿದ. ಏನೂ ಕೇಳಿಸಲಿಲ್ಲ.

"ಬಾಯಿ ಬಿಟ್ಟು ಹೇಳಮ್ಮ," ಎಂದ. ಮೆಲ್ಲಗೇ ಅಂದೆ ಎಂದುಕೊಂಡಿದ್ದ. ಮೂರು ಸಾಲಿನ ಜನ ತಿರುಗಿದರು.

ಮುಂದಿನ ಸೀಟಿನ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅವಳ ಪಕ್ಕದವನದೂ ಹಾಗೆಯೇ. ಶಿವಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂದರೆ ಅಷ್ಟೂ ಜನಕ್ಕೆ ಕೇಳಿಸಿತ್ತು. ಎರಡು ವರ್ಷ ತಾನು ಯಾರ್‍ಯಾರನ್ನು ಬೈದೆ, ಏನೇನೆಂದೆ ಎಂಬುದೆಲ್ಲ ನೆನಪಾಗಿ ಕೊಟ್ರೇಶನಿಗೆ ಕೂತಲ್ಲೇ ನಾಚಿಕೆಯಾಯಿತು. ಹಿಂದೆಯೇ ಅಳು ಬಂತು. ಅದು ಸಿನಿಮಾಕ್ಕೆ ಬಂದ ಅಳುವಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಶಿವಗಂಗಮ್ಮನ ಕಡೆ ತಿರುಗಿದ. ಸಿನಿಮಾ ಬಗ್ಗೆ ಹೆಂಡತಿಯನ್ನು ಅವನು ಯಾವತ್ತೂ ಏನೂ ಕೇಳಿದವನಲ್ಲ. ಅವತ್ತು ಕೇಳಿದ.

"ಕೊನೇಗೆ ಆ ಯಮ್ಮ ತಮ್ಮಂಗೆ ಏನಂದ್ಲೇ?"

ಶಿವಗಂಗಮ್ಮ ಹೇಳಿದಳು. ಅವನು ಅವಳ ತುಟಿಯನ್ನೇ ನೋಡಿದ.

"ಕೇಳಿಸ್ಲಿಲ್ಲ," ಎಂದ. ಈ ಮಾತು ಅವನ ಬಾಯಿಂದ ಮೊದಲ ಸಲ ಬಂದದ್ದು ಅವಳಿಗೆ ಗೊತ್ತಾಯಿತು. ಅವನ ಕಿವಿಗೆ ಬಾಯಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು.

"ನಿನ್ ಮೇಲೆ ನಂಗೆ ಯಾವತ್ತೂ ಸಿಟ್ಟಿರ್ಲಿಲ್ಲ ಕಣೋ, ಅಂದ್ಲು ಕಣ್ರಿ."

ಗಂಡ ಹೆಂಡಿರ ಜಗಳವೇನೋ ಎಂದು ಬಸ್ಸಿನವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು. ಶಿವಗಂಗಮ್ಮ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು.

"ಚೆನ್ನಾಗೈತೆ ಮಾತು," ಎಂದ ಕೊಟ್ರೇಶ್.

ಅವನಿಗೆ ಕೇಳಿಸಿದ್ದು ಅರ್ಧವೇ. ಉಳಿದರ್ಧಕ್ಕಾಗಿ ಅವಳನ್ನು ಇನ್ನೊಮ್ಮೆ ಅಷ್ಟು ಜನರ ಎದುರು ಕೂಗಿಸಲು ಅವನಿಗೆ ಮನಸ್ಸಾಗಲಿಲ್ಲ.