'ಮನ್ಯಾಗ ಹೇಳ್ರಿ' ಎಂದಿದ್ದೆ

ಕಳೆದ ವಾರ ಬೈಲಹೊಂಗಲದಲ್ಲಿ ಅಂಗನವಾಡಿ ಶಿಕ್ಷಕಿಯರ ತರಬೇತಿಗೆಂದು ಬಂದ ಪೆಟ್ಟಿಗೆ ಬಿಚ್ಚಿದೆ. ಮೇಲೆಯೇ ಒಂದು ಬಟ್ಟೆಯ ಗೊಂಬೆ. ತಮ್ಮ ಮೈಯನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಡಲು ಕಳಿಸಿದ್ದು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೇಸರಗಿ ಕಡೆಯ ಆ ಅಕ್ಕೋರು ನೆನಪಾದರು... ಪೆಟ್ಟಿಗೆ ಮುಚ್ಚಿಬಿಟ್ಟೆ.

ಎಷ್ಟೋ ವರ್ಷದ ಹಿಂದಿನ ಮಾತು, ನಾನಾಗ ಮೇಲ್ವಿಚಾರಕಿ. ಅವರು ನನ್ನ ಕೈಕೆಳಗಿನ ಒಂದು ಅಂಗನವಾಡಿಯ ಶಿಕ್ಷಕಿ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಹಳೆಯ ಸೀರೆಯಲ್ಲಿ ಗೊಂಬೆ ಹೊಲಿದು ಮಕ್ಕಳಿಗೆ ಆಡಲು ಕೊಡುತ್ತಿದ್ದರು. ನನ್ನ ಕಣ್ಣಿಗೆ ಅದೆಲ್ಲ ಎಲ್ಲಿ ಬೀಳಬೇಕು? ತೂಕ, ಎತ್ತರ, ಮೊಟ್ಟೆ, ಹಾಜರಿ. ರಿಜಿಸ್ಟರ್ ಸರಿಯಿದ್ದರೆ ಅಂಗನವಾಡಿಯೂ ಸರಿ ಎಂದು ತಿಳಿದಿದ್ದ ದೊಡ್ಡ ಜಾಣೆ ನಾನು!

ಒಮ್ಮೆ ತಿಂಗಳ ಸಭೆಯಲ್ಲಿ, ಎಲ್ಲರೂ ಚಹಾ ಕುಡಿದು ಬಸ್ಸಿನ ಹೊತ್ತು ನೋಡುತ್ತಿದ್ದಾಗ, ಅವರು ಎದ್ದು ನಿಂತರು.

"ಮೇಡಮ್ಮರ, ನಾಕು ವರ್ಷದ ಒಂದು ಹೆಣ್ಣು ಕೂಸು ಐತ್ರಿ. ಆ ವಯಸ್ಸಿಗೆ ಗೊತ್ತಿರಬಾರದ ಆಟ ಆಡಾಕತ್ತೈತ್ರಿ. ಗೊಂಬಿ ಬಾಯಿ ಮುಚ್ಚಿ, 'ಯಾರ ಮುಂದೂ ಹೇಳಬ್ಯಾಡ' ಅಂತೈತ್ರಿ. ಬೈಬೇಕೋ, ಕೇಳಬೇಕೋ... ನಮಗ ಯಾರೂ ಹೇಳಿಕೊಟ್ಟಿಲ್ಲಲ್ರೀ."

ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಮುಖ ಕೆಂಪಾಯಿತು. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. 'ಗೊತ್ತಿಲ್ಲ' ಎನ್ನಲು ನಾಲಿಗೆ ಏಳಲಿಲ್ಲ. ಮಗು ಬಿದ್ದರೆ, ಜ್ವರ ಬಂದರೆ, ಕಚ್ಚಾಡಿದರೆ ನಮ್ಮಲ್ಲಿ ಒಂದೇ ಪದ್ಧತಿ, ಮನೆಯವರಿಗೆ ಹೇಳುವುದು. ಅದನ್ನೇ ಇಲ್ಲಿಯೂ ಒಗೆದೆ.

"ಅಂಥಾದ್ದೆಲ್ಲ ಸಭಾದಾಗ ಯಾಕ್ರಿ ಅಕ್ಕೋರ? ಅವರ ಮನ್ಯಾಗ ಹೇಳ್ರಿ."

ನನ್ನ ಬಾಯಿಗೆ ಮಣ್ಣು ಹಾಕ!

ಅವರು ಹೇಳಿದರು. ಅಂದು ಸಂಜೆಯೇ ಕೂಸಿನ ಮನೆಗೆ ಹೋಗಿ, ಪಡಸಾಲೆಯಲ್ಲಿ, ಎಲ್ಲರ ಎದುರಿಗೆ. ಅಜ್ಜಿ ಕೂಸಿನ ಬೆನ್ನಿಗೆ ಎರಡು ಬಿಟ್ಟಳಂತೆ. ಕೂಸು ಅಳಲಿಲ್ಲವಂತೆ. ಅಲ್ಲೇ ಕುಳಿತಿದ್ದ ಚಿಕ್ಕಪ್ಪನ ಮುಖ ನೋಡುತ್ತಾ, "ನಾ ಹೇಳಿಲ್ಲ, ನಾ ಹೇಳಿಲ್ಲ" ಎಂದಿತಂತೆ.

ಅಕ್ಕೋರಿಗೆ ಆಗ ಎಲ್ಲವೂ ತಿಳಿಯಿತು. ಮರುದಿನ ಕೂಸು ಬರಲಿಲ್ಲ. ಮೂರನೆಯ ದಿನ ಆ ಮನೆಗೆ ಬೀಗ. ರಾಮದುರ್ಗದ ಕಡೆ ಹೋದರು ಎಂದರು ಓಣಿಯವರು, ಯಾವ ಊರು ಎಂದು ಯಾರಿಗೂ ಗೊತ್ತಿಲ್ಲ.

ಅಕ್ಕೋರು ನನ್ನಲ್ಲಿಗೆ ಓಡಿ ಬಂದರು. ದೂರು ಕೊಡೋಣ, ನೀವೂ ಬರ್ರಿ ಎಂದರು. ನಾನು ಹೋಗಲಿಲ್ಲ. ಪುರಾವೆ ಏನೈತಿ ಎಂದು ಕೇಳಿ ಕೈತೊಳೆದುಕೊಂಡೆ. ಅವರೊಬ್ಬರೇ ಠಾಣೆಗೆ ಹೋಗಿ ಬರೆದುಕೊಟ್ಟರು. ಆಮೇಲೆ ಎಷ್ಟೋ ಸಲ ರಜೆ ಹಾಕಿ, ರಾಮದುರ್ಗದ ಬಸ್ಸು ಹತ್ತಿ, ಹಳ್ಳಿ ಹಳ್ಳಿಯ ಅಂಗನವಾಡಿಗೆ ಹೋಗಿ ವಿಚಾರಿಸಿದರು. ಕೂಸು ಸಿಗಲಿಲ್ಲ...

ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಒಮ್ಮೆ ಮಾತ್ರ, "ನಾ ಸುಮ್ಮನಿದ್ದಿದ್ರ ಕೂಸು ನನ್ನ ಕಣ್ಣ ಮುಂದರ ಇರತಿತ್ರಿ" ಎಂದರು. ತಪ್ಪು ತಮ್ಮದೇ ಎಂದು ನಂಬಿಕೊಂಡೇ ಹೋದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ತಪ್ಪು ನನ್ನದು ಎಂದು ಹೇಳಲು ಅಷ್ಟು ವರ್ಷ ಸಿಕ್ಕಿದ್ದವು, ಹೇಳಲಿಲ್ಲ.

ಪೆಟ್ಟಿಗೆ ಬಿಚ್ಚಿದ ಮರುದಿನ ತರಬೇತಿ ನಡೆಯಿತು. ಗೊಂಬೆಯ ಜೊತೆ ಬಂದ ಪುಸ್ತಕದಲ್ಲಿ ಎಲ್ಲ ಇದೆ. ಬೈಯಬೇಡಿ, ನಗಬೇಡಿ. ಸಣ್ಣ ಮಕ್ಕಳಿಗೆ ಮೈಯ ಬಗ್ಗೆ ಕುತೂಹಲ ಸಹಜ. ಅದರ ಜೊತೆ ಹೆದರಿಕೆ, ಗುಟ್ಟು ಕಂಡರೆ ಕೂಸಿನ ಮಾತನ್ನು ಸಮಾಧಾನದಿಂದ ಕೇಳಿ, ನಿನ್ನ ತಪ್ಪಲ್ಲ ಎನ್ನಿ. ಮನೆಗೆ ಓಡುವ ಮೊದಲು ಮಕ್ಕಳ ರಕ್ಷಣೆಯವರಿಗೆ ತಿಳಿಸಿ. ಒಂದೊಂದನ್ನೂ ನಾನೇ ಓದಿ ಹೇಳಿದೆ. ಯಾರೂ ನಗಲಿಲ್ಲ.

ಮುಂದಿನ ಸಾಲಿನ ಎಳೆಯ ಶಿಕ್ಷಕಿಯೊಬ್ಬಳು ಕೈ ಎತ್ತಿದಳು. "ಮೇಡಮ್ಮರ, ನಿಮಗ ಯಾವತ್ತರ ಇಂಥಾ ಕೂಸಿನ ಸುದ್ದಿ ಬಂದಿತ್ತೇನ್ರಿ? ಆವಾಗ ಏನ ಮಾಡಿದ್ರಿ?"

ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲವ್ವಾ," ಎಂದೆ. "ನಮ್ಮ ಕಡೆ ಅಂಥಾದ್ದು ಬಂದಿಲ್ಲ."