ಬೀದಿ ಕಡೆಯ ಗೋಡೆ

ಆ ಹಳೇ ಹಾಸ್ಟೆಲ್ ಮುಚ್ಚಿ ಎಷ್ಟು ವರ್ಷವಾಗಿತ್ತೋ, ಅದರ ಮಾಲೀಕರಿಗೇ ನೆನಪಿರಲಿಲ್ಲ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದ ಒಂದಷ್ಟು ಸಂಸಾರಗಳನ್ನು ಬೆನ್ನಿಗೆ ಹಾಕಿಕೊಂಡು, ನಿವೃತ್ತ ಟೀಚರೊಬ್ಬರು ಹಾಡುಹಗಲೇ ಬೀಗ ಒಡೆಸಿ ಒಳಹೊಕ್ಕರು. ಬಾಗಿಲು ಮುಚ್ಚಿದ ಮನೆಗಳು ಒಂದು ಕಡೆ, ಮನೆಯಿಲ್ಲದವರು ಇನ್ನೊಂದು ಕಡೆ, ಇದ್ಯಾವ ನ್ಯಾಯ ಎನ್ನುವುದು ಅವರ ವಾದ. ಟೀಚರಮ್ಮ ಹಾಕಿದ ಕಟ್ಟಳೆ ಒಂದೇ: ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಬೀದಿ ಕಡೆಯ ಗೋಡೆ ಮಾತ್ರ ಮುಟ್ಟಬೇಡಿ. ಹಾಳುಬಿದ್ದಂತೆ ಕಾಣುವ ಕಟ್ಟಡದ ತಂಟೆಗೆ ಯಾರೂ ಬರುವುದಿಲ್ಲ.

ಇದು ಎಲ್ಲರಿಗೂ ಹಿಡಿಸಿತು, ಒಬ್ಬನನ್ನು ಬಿಟ್ಟು. ಅವನ ಕಸುಬು ಬಣ್ಣ ಹೊಡೆಯುವುದು. ಎಲ್ಲರ ಬಾಯಲ್ಲೂ ಮೇಸ್ತ್ರಿ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಬಾಡಿಗೆ ಮನೆಗಳನ್ನು ಸುತ್ತಿ ಸುಸ್ತಾಗಿದ್ದ. ಕಂಡವರ ಗೋಡೆಗಳನ್ನೆಲ್ಲ ಫಳಫಳ ಮಾಡಿ ಬಂದು, ಸಂಜೆ ಈ ಪಾಚಿಗಟ್ಟಿದ ಗೋಡೆಯ ಮುಂದೆ ನಿಂತರೆ ಕೈ ತುರಿಸುತ್ತಿತ್ತು. ಕೆಳಮಹಡಿಯ ತನ್ನ ಕೋಣೆಗಂತೂ ಮತ್ತೆ ಮತ್ತೆ ಬಳಿದಿದ್ದ. "ಅಪ್ಪಾ, ಇನ್ನೊಂದು ಸಲ ಹೊಡೆದ್ರೆ ಕೋಣೆ ಚಿಕ್ಕದಾಗುತ್ತೆ" ಎಂದು ಮಗಳು ತಮಾಷೆ ಮಾಡುತ್ತಿದ್ದಳು.

ಮಗಳು ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಕೆಲಸ ಬೇಗ ಮುಗಿಸಿ ಬರುತ್ತಿದ್ದ ಮೇಸ್ತ್ರಿ, ಅವಳು ಹಿಂದಿನ ಸ್ಟಾಪಿನಲ್ಲೇ ಬಸ್ಸಿಳಿದು, ಗೆಳತಿಯರಿಗೆ ಕೈಬೀಸಿ, ಓಣಿಯಿಂದ ಸುತ್ತುಹಾಕಿ ಬರುವುದನ್ನು ಕಂಡ.

"ಯಾಕಮ್ಮಾ ಅಷ್ಟು ದೂರ ಇಳಿದೆ?"

"ಇಲ್ಲಿಳಿದ್ರೆ ಅವರು ಮನೆ ನೋಡ್ತಾರಪ್ಪ."

ಮೇಸ್ತ್ರಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ, ಅವನಿಗೇ ನಾಚಿಕೆಯಾಯಿತು.

ಮುಂದಿನ ರಜೆಯ ದಿನ ಏಣಿ ಹಾಕಿದ. ಗಿರಾಕಿಗಳ ಮನೆಯಲ್ಲಿ ಡಬ್ಬಗಳ ತಳಕ್ಕೆ ಉಳಿದ ಬಣ್ಣವನ್ನೆಲ್ಲ ಬಕೆಟ್ಟಿಗೆ ಸುರಿದು ಕಲಕಿದಾಗ ಹೆಸರಿಲ್ಲದ ಒಂದು ಕೆನೆಬಣ್ಣ ಹುಟ್ಟಿತ್ತು. ಬಾಗಿಲಿಗಷ್ಟೇ ಸಾಕು ಎಂದುಕೊಂಡ. ಬಾಗಿಲು ಹೊಳೆದದ್ದೇ ತಡ, ಪಕ್ಕದ ಗೋಡೆ ಇನ್ನಷ್ಟು ಕೊಳಕಾಗಿ ಕಂಡಿತು. ಬಣ್ಣದವರ ಹಣೆಬರಹವೇ ಅಷ್ಟು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಯಾವುದೋ ಸಭೆಗೆ ಹೋಗಿದ್ದ ಟೀಚರಮ್ಮ ಮರಳುವಷ್ಟರಲ್ಲಿ ಇಡೀ ಮುಂಭಾಗ ಬಳಿದು ಮುಗಿಸಿದ್ದ.

"ಯಾರನ್ನ ಕರೆಯೋಕಪ್ಪಾ ಈ ಶೃಂಗಾರ?" ಎಂದರು ಅವರು.

"ತಪ್ಪಾಯ್ತು ಟೀಚರ್. ಕೆರೆದು ಹಾಕ್ಲಾ?"

"ಕೆರೆದ್ರೆ ಇನ್ನೂ ನಾಲ್ಕು ಜನ ನಿಂತು ನೋಡ್ತಾರೆ. ಬಿಡು."

ಆವತ್ತಿನಿಂದ ಮಗಳು ಮನೆಯೆದುರಿನ ಸ್ಟಾಪಿನಲ್ಲೇ ಇಳಿಯತೊಡಗಿದಳು. ಒಂದು ಸಂಜೆ ಗೆಳತಿಯರನ್ನೂ ಇಳಿಸಿಕೊಂಡಳು. ಅಲ್ಲಿ ಕಾರು ನಿಲ್ಲಿಸಿಕೊಂಡು ಒಬ್ಬಾತ ಗೋಡೆಯನ್ನೇ ನೋಡುತ್ತಿದ್ದ.

"ಚೆನ್ನಾಗಿದೆಯಲ್ಲ, ಯಾರ ಮನೆ ಇದು?" ಎಂದು ಕೇಳಿದ.

ಗೆಳತಿಯರು ಅವಳ ಮುಖ ನೋಡಿದರು.

"ನಮ್ಮದೇ" ಎಂದಳು. "ಬಣ್ಣ ನಮ್ಮಪ್ಪ ಹೊಡೆದದ್ದು."

ಆತ ತಲೆದೂಗಿ, ಫೋಟೋ ತೆಗೆದುಕೊಂಡು ಹೋದ. ಮಾಲೀಕರ ಅಳಿಯ ಅವನೇ ಎಂದು ತಿಳಿದದ್ದು, ಪೊಲೀಸರನ್ನು ಕರೆದುಕೊಂಡು ಮತ್ತೆ ಬಂದಾಗ. ಟೀಚರಮ್ಮ ಬಾಗಿಲಿಗೆ ಅಡ್ಡ ಕುಳಿತರು. ಅವರನ್ನು ಎತ್ತಿ ಆಚೆ ಕೂರಿಸಿದರು. ಮಧ್ಯಾಹ್ನದೊಳಗೆ ಪಾತ್ರೆಪಗಡ, ಹಾಸಿಗೆಗಳೆಲ್ಲ ರಸ್ತೆಗೆ ಬಂದವು. ಎಲ್ಲರೂ ಮೇಸ್ತ್ರಿಗೆ ಬಾಯಿಗೆ ಬಂದಂತೆ ಬೈದರು. ಸುಮ್ಮನಿದ್ದ ಗೋಡೆಗೆ ಬಣ್ಣ ಬಳಿದು ಸೂರು ಕಳೆದ ಎಂದರು. ಅವನು ತಲೆ ತಗ್ಗಿಸಿ ಬ್ರಷ್‌ಗಳನ್ನು ಕಟ್ಟುತ್ತಿದ್ದ.

ಮಗಳು ಹತ್ತಿರ ಬಂದು ಅಳುತ್ತಾ ನಿಂತಳು. "ಅಪ್ಪಾ, ಆ ಕಾರಿನವನಿಗೆ ಹೇಳಿದ್ದು ನಾನೇ. ಕೇಳಿದ, ನಮ್ಮ ಮನೆ ಅಂದುಬಿಟ್ಟೆ."

"ಗೆಳತಿಯರ ಎದುರಿಗೇ ಅಂದೆಯಾ?"

"ಹೂಂ."

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಬೀದಿಯಲ್ಲಿ ನಿಂತುಕೊಂಡೇ ಅವನಿಗೆ ಸಂತೋಷವಾಯಿತು, ಅದನ್ನು ಮುಚ್ಚಿಕೊಳ್ಳಲೂ ಆಗಲಿಲ್ಲ.

"ಇದನ್ನ ಇವರ್ಯಾರಿಗೂ ಹೇಳಬೇಡ" ಎಂದ. "ಬಣ್ಣ ಹೊಡೆದವನು ನಾನು, ಬೈಗುಳ ನನಗೇ ಇರಲಿ." ಟ್ರಂಕನ್ನು ಹೆಗಲಿಗೇರಿಸಿಕೊಂಡು ಬೈಯುತ್ತಿದ್ದವರ ನಡುವೆಯೇ ನಡೆದ.